ಹಾಡಿನ ಹದವೂ ಸ್ಟುಡಿಯೋದ ಮುದ್ರೆಯೂ

ಹಾಡನ್ನು ಹಳ್ಳಿಯಲ್ಲಿ ಹಾಡಬಹುದು, ಬೇಕಾದರೆ ಹಳ್ಳಿಯಲ್ಲಿಯೇ ಧ್ವನಿಮುದ್ರಿಸಿಕೊಳ್ಳಲೂಬಹುದು. ಆದರೆ ಮುದ್ರಿಸಿದ ದನಿಗಳನ್ನು ಕೂಡಿಸಿ, ತೂಗಿ, ಕೇಳಲು ಯೋಗ್ಯವಾದ ಹಾಡನ್ನಾಗಿ ಮಾಡುವ ಮಿಕ್ಸಿಂಗ್ ಎಂಬ ಕಡೆಯ ಸಂಸ್ಕಾರವು ಬೆಂಗಳೂರಿನ ಸ್ಟುಡಿಯೋದಲ್ಲಿಯೇ ನಡೆಯತಕ್ಕದ್ದು, ಮನೆಯಲ್ಲಿ ನಡೆದದ್ದು ಹುಡುಗಾಟವೇ ಹೊರತು ಮಿಕ್ಸಿಂಗ್ ಅಲ್ಲ ಎಂಬ ಮತವೊಂದು ನಮ್ಮ ಸೀಮೆಯಲ್ಲಿ ಬೇರೂರಿದೆ. ಆದಿವಾಲದ ಭಜನೆಯವರು ಹೀಗೆನ್ನುತ್ತಾರೆ. ಹಿರಿಯೂರಿನ ಆರ್ಕೆಸ್ಟ್ರಾದವರು ಹೀಗೆನ್ನುತ್ತಾರೆ. ಹೊಸದುರ್ಗ, ಹೊಳಲ್ಕೆರೆಗಳ ಕಡೆ ಕೋಲಾಟದ ತಂಡ ಕಟ್ಟಿಕೊಂಡಿರುವ ತರುಣರೂ ಹೀಗೆಯೇ ಎನ್ನುತ್ತಾರೆ. ಇವರಲ್ಲಿ ಯಾರೂ ಈ ಮತವನ್ನು ಪರೀಕ್ಷಿಸಿ ಒಪ್ಪಿಕೊಂಡವರಲ್ಲ. ಎಲ್ಲರೂ ಹೇಳುತ್ತಾರೆಂಬುದೇ ಅದಕ್ಕೆ ಪ್ರಮಾಣವಾಗಿಬಿಟ್ಟಿದೆ. ನಾನು ಇದನ್ನು ಬರಿಯ ತಪ್ಪೆಂದು ತಿಳಿದಿದ್ದರೆ ಇಷ್ಟು ಉದ್ದದ ಲೇಖನಕ್ಕೆ ತೊಡಗುತ್ತಿರಲಿಲ್ಲ. ಇದು ನಮ್ಮ ಹಾಡಿಕೆಯ ಜೀವಕ್ಕೆ ಕೇಡು ತರುತ್ತಿರುವ ಮತವೆಂದು ನನಗೆ ದೃಢವಾಗಿರುವುದರಿಂದ, ಅದರ ಬೇರನ್ನು ಅಗೆದು ನೋಡುವುದು ಅಗತ್ಯವೆಂದು ಭಾವಿಸಿದ್ದೇನೆ.

ಮತವು ಆಚರಣೆಗೆ ಬರುವ ಕ್ರಮವನ್ನು ಮೊದಲು ನೋಡೋಣ. ಹತ್ತು ಹನ್ನೆರಡು ಮಂದಿಯ ತಂಡವೊಂದು ಹಣ ಕೂಡಿಸುತ್ತದೆ. ಹೆದ್ದಾರಿ ಊರ ಮುಂದೆಯೇ ಹಾದುಹೋಗಿರುವುದರಿಂದ ಪ್ರಯಾಣಕ್ಕೆ ತೊಡಕಿಲ್ಲ. ಸುಮಾರು 160 ಕಿಲೋಮೀಟರು ದೂರದ ರಾಜಧಾನಿಗೆ ಇಬ್ಬರು ಹೋಗಿ, ಗಂಟೆಗಿಷ್ಟೆಂದು ಬಾಡಿಗೆ ನಿಗದಿಯಾದ ಸ್ಟುಡಿಯೋದಲ್ಲಿ ತಮ್ಮ ಪೆನ್‌ಡ್ರೈವನ್ನು ಕೊಟ್ಟುಬರುತ್ತಾರೆ. ಅಲ್ಲಿ ಕುಳಿತಿರುವ ತರುಣನು ತನ್ನ ಕೆಲಸದಲ್ಲಿ ನುರಿತವನೇ. ಅವನ ವಿದ್ಯೆಯನ್ನು ನಾನು ಹಳಿಯುವುದಿಲ್ಲ. ಆದರೆ ಅವನು ಸೋಬಾನೆಯನ್ನು ಹಸೆಯ ಮುಂದೆ ಕೂತು ಕೇಳಿದವನಲ್ಲ, ಗೊಲ್ಲರಹಟ್ಟಿಯ ಜಾತ್ರೆಯಲ್ಲಿ ರಾತ್ರಿ ಕಳೆದವನಲ್ಲ; ಸಿನಿಮಾದ ಹಾಡನ್ನೂ ಜಾಹೀರಾತಿನ ಸಂಗೀತವನ್ನೂ ತೂಗಿ ತೂಗಿ ಅವನ ಕಿವಿಗೆ ಒಂದು ತಕ್ಕಡಿ ಸಿದ್ಧವಾಗಿಬಿಟ್ಟಿದೆ. ಅದೇ ತಕ್ಕಡಿಯಲ್ಲಿ ನಮ್ಮ ಪದವೂ ತೂಗಲ್ಪಡುತ್ತದೆ. ವಾರದ ತರುವಾಯ ಹಿಂದಿರುಗಿದ ಹಾಡು ನುಣುಪಾಗಿರುತ್ತದೆ, ಗಟ್ಟಿಯಾಗಿರುತ್ತದೆ, ದೊಡ್ಡ ಮಂಟಪದೊಳಗೆ ಹಾಡಿದಂತೆ ಅನುರಣಿಸುತ್ತಿರುತ್ತದೆ, ಮತ್ತು ಅದನ್ನು ಹಾಡಿದ ಮುದುಕಿ ಕೇಳಿ, “ಪದ ನಮ್ದೇ ಕಣಪ್ಪ, ದನಿ ಯಾರ್ದು?” ಎಂದು ಕೇಳುವಂತಿರುತ್ತದೆ.

ಮಿಕ್ಸಿಂಗ್ ಎಂಬುದು ಯಂತ್ರದ ಕೆಲಸವೆಂದು ತಿಳಿದವರಿಗೆ ಈ ಪ್ರಶ್ನೆಯ ತೂಕ ತಿಳಿಯದು. ಬೇರೆ ಬೇರೆ ಟ್ರ್ಯಾಕುಗಳಲ್ಲಿ ಮುದ್ರಿತವಾದ ಕಂಠ, ತಾಳ, ದಮ್ಮಡಿ, ಹಾರ್ಮೋನಿಯಂಗಳನ್ನು ಎಷ್ಟೆಷ್ಟು ಪ್ರಮಾಣದಲ್ಲಿ ಕೇಳಿಸಬೇಕು, ಯಾವುದನ್ನು ಎಡಕ್ಕೆ ಯಾವುದನ್ನು ಬಲಕ್ಕೆ ಕೂರಿಸಬೇಕು, ಯಾವ ದನಿಯ ಯಾವ ಭಾಗವನ್ನು ತಗ್ಗಿಸಬೇಕು, ಏರಿಳಿತವನ್ನು ಎಷ್ಟರ ಮಟ್ಟಿಗೆ ಅದುಮಬೇಕು, ಎಷ್ಟು ಅನುರಣನ ಕೂಡಿಸಬೇಕು ಎಂಬಿವೇ ಅದರಲ್ಲಿನ ನಿರ್ಣಯಗಳು. ಉಪಕರಣ ಈ ನಿರ್ಣಯಗಳನ್ನು ಜಾರಿಗೆ ತರುತ್ತದೆ, ಮಾಡುವುದಿಲ್ಲ. ಯಾವ ದನಿ ಮುಂದೆ ನಿಲ್ಲಬೇಕು ಎಂಬುದು ಹಾಡಿನ ಅರ್ಥವನ್ನು ಕುರಿತ ಪ್ರಶ್ನೆ. ಅದಕ್ಕೆ ಉತ್ತರ ಕೊಡಲು ಬೇಕಾದುದು ಆ ಹಾಡಿನೊಡನೆ ಬಾಳಿದ ಕಿವಿ. ಆ ಕಿವಿ ನಮ್ಮೂರಿನಲ್ಲಿರುವಾಗ ನಿರ್ಣಯವನ್ನು ಊರಾಚೆಗೆ ಕಳುಹಿಸುವುದು ಯಾವ ನ್ಯಾಯ?

ಸೋಬಾನೆಯನ್ನೇ ತೆಗೆದುಕೊಳ್ಳಿ. ಒಬ್ಬಳೋ ಇಬ್ಬರೋ ಮುಂದಾಗಿ ಸೊಲ್ಲು ಹೇಳುತ್ತಾರೆ; ಉಳಿದವರು ಅದನ್ನು ಹಿಡಿಯುತ್ತಾರೆ. ಹಿಡಿದವರ ಕೊನೆಯ ಅಕ್ಷರ ಇನ್ನೂ ಗಾಳಿಯಲ್ಲಿರುವಾಗಲೇ ಮುಂದಿನವಳು ಮುಂದಿನ ಸೊಲ್ಲನ್ನು ಎತ್ತಿಕೊಂಡುಬಿಡುತ್ತಾಳೆ. ಹೀಗೆ ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿ, ಗಂಟೆಗಟ್ಟಲೆ ಹಾಡಿದರೂ ನಡುವೆ ನಿಶ್ಶಬ್ದವೆಂಬುದೇ ಸುಳಿಯದೆ ಹಾಡು ಹರಿಯುತ್ತದೆ. ಹಿಡಿಯುವವರು ಇಲ್ಲಿ ಹಿಮ್ಮೇಳದವರಲ್ಲ, ಅರ್ಧ ಹಾಡಿನ ಒಡತಿಯರು. ಸ್ಟುಡಿಯೋದ ಪದ್ಧತಿಯಾದರೋ ಮುಂದಿನವಳನ್ನು ಗಾಯಕಿಯೆಂದು ನಡುವೆ ನಿಲ್ಲಿಸಿ, ಉಳಿದವರನ್ನು ಕೋರಸ್ ಎಂದು ಕರೆದು, ಅವರ ದನಿಯನ್ನು ತಗ್ಗಿಸಿ, ಎರಡು ಬದಿಗೆ ಹರಡಿ, ಅನುರಣನದ ಮಂಜಿನಲ್ಲಿ ಮುಚ್ಚಿಬಿಡುತ್ತದೆ. ಆ ಕ್ಷಣಕ್ಕೆ, ಹಲವರು ಕೂಡಿ ಹೇಳಿದ್ದು ಒಬ್ಬಳು ಹೇಳಿದ್ದಾಗುತ್ತದೆ. ಯಾವ ಯಂತ್ರವೂ ಇಲ್ಲಿ ಕೆಟ್ಟಿಲ್ಲ, ಯಾವ ಕೆಲಸಗಾರನೂ ಸೋಮಾರಿತನ ಮಾಡಿಲ್ಲ. ಹಾಡಿನ ರಚನೆಯನ್ನು ಅರಿಯದವನು ಅದರ ರಚನೆಯನ್ನೇ ಬದಲಿಸಿದ್ದಾನೆ. ನಾವು ಅದಕ್ಕೆ ಹಣ ತೆತ್ತು, ಕ್ವಾಲಿಟಿ ಬಂತೆಂದು ಹರ್ಷಿಸಿದ್ದೇವೆ.

ಗಣೆಯ ಗತಿ ಇದಕ್ಕಿಂತ ಶೋಚನೀಯ. ಕಾಡುಗೊಲ್ಲರು ಜುಂಜಪ್ಪನ ಕಥನವನ್ನು ಹಾಡುವಾಗ ನಡುನಡುವೆ ಊದುವ ಈ ನೀಳವಾದ ಬಿದಿರಿನ ವಾದ್ಯದಲ್ಲಿ ನಾದದೊಡನೆ ಉಸಿರೂ ಕೇಳಿಸುತ್ತದೆ; ಹಾಡುವವನೇ ಊದುವವನೂ ಆಗಿರುವಲ್ಲಿ ಕಥೆ ಹೇಳಿದ ಎದೆಯ ಉಸಿರೇ ಬಿದಿರಿನೊಳಗೆ ಹೊಕ್ಕು ನಾದವಾಗುತ್ತದೆ. ಗದ್ದಲವನ್ನು ಅಳಿಸುವ ತಂತ್ರಾಂಶಕ್ಕೆ ಉಸಿರೂ ಫ್ಯಾನಿನ ಸದ್ದೂ ಒಂದೇ. ಅದು ಉಸಿರನ್ನು ಸೋಸಿ ತೆಗೆದಾಗ ಉಳಿಯುವುದು ಅಂಗಡಿಯ ಕೀಬೋರ್ಡಿನಲ್ಲಿಯೂ ದೊರೆಯುವ ಒಂದು ಕೊಳಲಿನ ಸ್ವರ. ಉರುಮೆಯ ಪಾಡೂ ಇಷ್ಟೇ: ಬಾಗಿದ ಕಡ್ಡಿಯನ್ನು ಚರ್ಮದ ಮೇಲೆ ಉಜ್ಜಿದಾಗ ಹೊರಡುವ ಆ ನೀಳವಾದ ಮೊರೆತವೇ ಅದರ ಹೆಸರಿಗೂ ಖ್ಯಾತಿಗೂ ಕಾರಣವಾಗಿರುವಲ್ಲಿ, ಪೆಟ್ಟನ್ನು ಮಾತ್ರ ಒಳಬಿಟ್ಟು ಪೆಟ್ಟಿನ ಬಾಲವನ್ನು ಕತ್ತರಿಸುವ ಗೇಟ್ ಎಂಬ ಸಾಧನವನ್ನು ಅದರ ಟ್ರ್ಯಾಕಿನ ಮೇಲೆ ಹಾಕುತ್ತಾರೆ. ಪಾಶ್ಚಾತ್ಯ ಡ್ರಮ್ಮಿಗಾಗಿ ರೂಢವಾದ ಅಭ್ಯಾಸ. ಉರುಮೆಗೆ ಅದು ನಾಲಗೆ ಕತ್ತರಿಸಿದಂತೆ.

ಸ್ವರವನ್ನು ತಿದ್ದುವ ಆಟೋಟ್ಯೂನ್ ಬಳಕೆಗೆ ಬಂದದ್ದು 1997ರಲ್ಲಿ. ಅದನ್ನು ರೂಪಿಸಿದ ಆಂಡಿ ಹಿಲ್ಡೆಬ್ರಾಂಡ್ ಎಂಬಾತನು ಅದಕ್ಕೆ ಮುನ್ನ ಭೂಗರ್ಭದ ತೈಲನಿಕ್ಷೇಪಗಳನ್ನು ಕಂಪನಗಳ ಮೂಲಕ ಹುಡುಕುವ ಗಣಿತದಲ್ಲಿ ಪರಿಣತನಾಗಿದ್ದವನು. ಅದ್ಭುತವಾದ ಗಣಿತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಾಮಾನ್ಯವಾಗಿ ಅದನ್ನು ಬಳಸುವ ರೀತಿಯಲ್ಲಿ ಕಂಠದ ಪ್ರತಿಯೊಂದು ಸ್ವರವೂ ಪಿಯಾನೋದ ಸಮಾನಾಂತರದ ಹನ್ನೆರಡು ಮನೆಗಳಲ್ಲಿ ಸಮೀಪದ ಒಂದಕ್ಕೆ ತಳ್ಳಲ್ಪಡುತ್ತದೆ. ನಮ್ಮ ಹೆಂಗಸರು ಬೀಸುವ ಪದದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಆ ದಾರಿಯಲ್ಲಿ ಮನೆಗಳೇ ಇಲ್ಲ. ಜಾರುವಿಕೆಯೇ ಅಲ್ಲಿ ರಾಗ. ಕೋಲಾಟದ ಲಯವೂ ಹಾಗೆಯೇ ಮಂದವಾಗಿ ಹೊರಟು ಕಾಲು ಬಿಸಿಯಾದಂತೆಲ್ಲ ಚುರುಕಾಗುತ್ತ ಹೋಗುತ್ತದೆ. ಪರದೆಯ ಮೇಲಿನ ಚೌಕಳಿಗೆ ಪ್ರತಿಯೊಂದು ಪೆಟ್ಟನ್ನೂ ಎಳೆದು ಕೂರಿಸಿದಾಗ ಆರಂಭವೂ ಅಂತ್ಯವೂ ಒಂದೇ ವೇಗದವಾಗಿ, ಕುಣಿತದ ಏರುವಿಕೆ ತಪ್ಪೆಂದು ತೀರ್ಮಾನವಾಗಿ ಅಳಿಸಿಹೋಗುತ್ತದೆ.

ಸ್ಟುಡಿಯೋದ ಪಕ್ಷದವರು ಇಲ್ಲಿ ಇತಿಹಾಸವನ್ನು ಸಾಕ್ಷಿಗೆ ಕರೆಯುವುದುಂಟು: ಧ್ವನಿಮುದ್ರಣವೆಂಬುದು ಮೊದಲಿನಿಂದಲೂ ಅದಕ್ಕೆಂದೇ ಕಟ್ಟಿದ ಮಂದಿರಗಳಲ್ಲಿ ನಡೆದುಬಂದ ಕಲೆಯಲ್ಲವೇ ಎಂದು. ಅಲ್ಲ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಕ್ಕೆ ಬಂದು ಭಾರತೀಯರ ಹಾಡನ್ನು ಗ್ರಾಮಫೋನಿಗೆ ಮುದ್ರಿಸಿಕೊಂಡದ್ದು ಹೋಟೆಲೊಂದರ ಕೋಣೆಗಳಲ್ಲಿ. ವಿದ್ಯುತ್ತಿನ ಮೈಕು ಇನ್ನೂ ಬಾರದ ಆ ಕಾಲದಲ್ಲಿ ಲೋಹದ ಕಹಳೆಯ ಬಾಯಿಗೆ ಹಾಡುವವರು ಎಷ್ಟು ಸಮೀಪ, ಪಕ್ಕವಾದ್ಯದವರು ಎಷ್ಟು ದೂರ ಎಂಬುದನ್ನು ಹೊಂದಿಸುವುದೇ ಮಿಕ್ಸಿಂಗ್ ಆಗಿತ್ತು. ಅದು ಹೆಜ್ಜೆಗಳ ಲೆಕ್ಕದಲ್ಲಿ ನಡೆಯುತ್ತಿತ್ತು. ನಮ್ಮ ನಾಡಿನಲ್ಲಿಯೇ ಇನ್ನೂ ಹತ್ತಿರದ ಸಾಕ್ಷಿಯಿದೆ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ್ದು ‘ವಿಠ್ಠಲ ವಿಹಾರ’ವೆಂಬ ತಮ್ಮ ಸ್ವಂತ ಮನೆಯಿಂದ. ದೇಶದ ಬಾನುಲಿಗೆಲ್ಲ ತರುವಾಯ ಹೆಸರು ಕೊಟ್ಟ ಆ ನಿಲಯವು ಒಬ್ಬ ಮೇಷ್ಟರ ವಾಸದ ಮನೆಯಲ್ಲಿ ಹುಟ್ಟಿತೆಂಬುದನ್ನು ಬಲ್ಲ ಕನ್ನಡಿಗನು, ಮನೆಯಲ್ಲಿ ನಡೆದ ದನಿಯ ಕೆಲಸ ಕೆಲಸವೇ ಅಲ್ಲವೆಂದು ಹೇಗೆ ನುಡಿದಾನು?

ಸ್ಟುಡಿಯೋದ ಪ್ರತಿಷ್ಠೆ ಎಷ್ಟು ಚಂಚಲವಾದದ್ದೆಂಬುದಕ್ಕೂ ನಮ್ಮದೇ ದೃಷ್ಟಾಂತವಿದೆ. ಕನ್ನಡ ಚಲನಚಿತ್ರದ ಹಾಡುಗಳು ದೀರ್ಘಕಾಲ ಮದರಾಸಿನಲ್ಲಿಯೇ ಮುದ್ರಣಗೊಳ್ಳುತ್ತಿದ್ದವು. ಕನ್ನಡದ ಗಾಯಕರು, ವಾದಕರು ಅಲ್ಲಿಗೇ ಹೋಗಬೇಕಾಗಿತ್ತು. ಶಂಕರ್ ನಾಗ್ ಮತ್ತು ಅನಂತ್ ನಾಗ್ ಸೋದರರು ಬೆಂಗಳೂರಿನಲ್ಲಿ ‘ಸಂಕೇತ್’ ಧ್ವನಿಮುದ್ರಣ ಕೇಂದ್ರವನ್ನು ಕಟ್ಟಿದ್ದು, ಕನ್ನಡದ ಕೆಲಸ ಕನ್ನಡದ ನೆಲದಲ್ಲಿಯೇ ನಡೆಯಬೇಕೆಂಬ ಹಂಬಲದಿಂದ. ಆ ಹಂಬಲವನ್ನು ನಾವೆಲ್ಲರೂ ಮೆಚ್ಚುತ್ತೇವೆ. ಮದರಾಸು ಅನಿವಾರ್ಯವಲ್ಲವೆಂದು ಬೆಂಗಳೂರು ತೋರಿಸಿಕೊಟ್ಟಾಗ ಕೊಂಡಾಡಿದ ನಾವು, ಬೆಂಗಳೂರು ಅನಿವಾರ್ಯವಲ್ಲವೆಂದು ಆದಿವಾಲದ ಹುಡುಗನೊಬ್ಬ ಹೇಳಿದರೆ ತಲೆಯಾಡಿಸಿ ಸುಮ್ಮನಾಗಿಸುವುದು ಸಲ್ಲದು.

ಇನ್ನು ಎದುರಾಳಿಗಳ ಆಕ್ಷೇಪಗಳಲ್ಲಿ ನಿಜವಾಗಿ ಗಟ್ಟಿಯಾದುದು ಒಂದೇ. ಅದನ್ನು ನಾನು ತೇಲಿಸಿ ಹೇಳಲಾರೆ. ಯಂತ್ರದ ಮಾತು ಈಗ ಮುಗಿದ ಮಾತು: ಸೆಕೆಂಡಿಗೆ 44,100 ಸಲ, 24 ಬಿಟ್ಟಿನ ಆಳದಲ್ಲಿ ದನಿಯನ್ನು ಅಳೆಯುವ ಸಾಧನ ಮನೆಯ ಮೇಜಿನ ಮೇಲೂ ಅದೇ, ಸ್ಟುಡಿಯೋದಲ್ಲಿಯೂ ಅದೇ; ಆರ್ಡರ್, ಆಡಾಸಿಟಿಯಂಥ ತಂತ್ರಾಂಶಗಳು ಯಾರಿಗೂ ಮುಕ್ತವಾಗಿವೆ. ಗಟ್ಟಿಯಾದ ಆಕ್ಷೇಪವೆಂದರೆ ಕೋಣೆ. ಕೋಣೆಯೂ ಒಂದು ವಾದ್ಯ. ಸ್ಪೀಕರಿನಿಂದ ಹೊರಟ ದನಿಯೊಡನೆ ತನ್ನ ದನಿಯನ್ನೂ ಬೆರೆಸಿ ಕಿವಿಗೆ ಕೊಡುತ್ತದೆ. ಹತ್ತಡಿ ಉದ್ದದ ಕೋಣೆಯಲ್ಲಿ ಎದುರುಬದಿರಾದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸಿನ ಅಲೆಯೊಂದು ನಿಂತುಬಿಡುತ್ತದೆ. ಗೋಡೆಯ ಬಳಿ ಕೂತವನಿಗೆ ಆ ಸ್ವರ ಉಬ್ಬಿ ಕೇಳಿಸುತ್ತದೆ, ನಟ್ಟನಡುವೆ ಕೂತವನಿಗೆ ಇಲ್ಲವೇ ಇಲ್ಲವೆನ್ನುವಷ್ಟು ಕುಗ್ಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಹತ್ತೇ ಅಡಿಯಾಗಿದ್ದರೆ ಮೂರು ದೋಷಗಳೂ ಒಂದೇ ಸ್ವರದಲ್ಲಿ ಬಂದು ಸೇರುತ್ತವೆ. ಇಂಥಲ್ಲಿ ಕೂತು ತಳದ ದನಿಯನ್ನು ತೂಗಿದವನು ಇದ್ದದ್ದನ್ನು ಇಲ್ಲವೆಂದೂ ಇಲ್ಲದ್ದನ್ನು ಇದೆಯೆಂದೂ ಭ್ರಮಿಸುವುದು ಸಹಜ.

ಆದರೆ ಈ ಆಕ್ಷೇಪ ಎಷ್ಟರವರೆಗೆ ಸಲ್ಲುತ್ತದೆಂಬುದನ್ನು ಅಳೆಯಬೇಡವೇ? ಸಿಂಥಸೈಜರಿನ ಕೆಳಸ್ವರವೇ ಪ್ರಾಣವಾಗಿರುವ ನೃತ್ಯಸಂಗೀತಕ್ಕೆ ಅದು ಮಾರಕ. ಹೆಂಗಸರ ಕಂಠದ ಮೂಲಸ್ವರವೋ ಮಾತಿನಲ್ಲಿಯೇ ಸಾಮಾನ್ಯವಾಗಿ 160 ಹರ್ಟ್ಸಿಗೆ ಮೇಲ್ಪಟ್ಟದ್ದು, ಹಾಡಿನಲ್ಲಿ ಇನ್ನೂ ಎತ್ತರದ್ದು. ತಾಳ, ದಮ್ಮಡಿಗಳ ಸತ್ತ್ವ ಅದಕ್ಕೂ ಬಹಳ ಮೇಲೆ. ಕೋಣೆ ಅತಿಯಾಗಿ ಸುಳ್ಳು ಹೇಳುವ ಸೀಮೆಯಲ್ಲಿ ನಮ್ಮ ಹಾಡುಗಳ ಬಹುಭಾಗಕ್ಕೆ ವ್ಯವಹಾರವೇ ಕಡಮೆ. ಉಳಿದ ದೋಷಕ್ಕೆ ಮದ್ದು ನಮ್ಮ ಮನೆಗಳಲ್ಲಿಯೇ ಇದೆ. ನಮ್ಮ ಕಡೆಯ ಹಳೆಯ ಮಣ್ಣಿನ ಮಾಳಿಗೆಮನೆಯ ದಪ್ಪಗೋಡೆಯ ಒರಟು ಮೈ ದನಿಯನ್ನು ನುಣುಪಾದ ಸಿಮೆಂಟಿನಂತೆ ತೀಕ್ಷ್ಣವಾಗಿ ಹಿಂದಿರುಗಿಸುವುದಿಲ್ಲ. ಮೂಲೆಗಳಲ್ಲಿ ಸೂರು ಮುಟ್ಟುವಂತೆ ಒಟ್ಟಿದ ಶೇಂಗಾ ಚೀಲಗಳು, ತಳದ ದನಿ ಹೆಚ್ಚಾಗಿ ಕೂಡಿಕೊಳ್ಳುವ ಜಾಗದಲ್ಲಿಯೇ ನಿಂತು ಅದನ್ನು ಹೀರುತ್ತವೆ. ಚಳ್ಳಕೆರೆಯ ಕಂಬಳಿಯ ಮಾತಂತೂ ಹೇಳಬೇಕಾದ್ದೇ ಇಲ್ಲ: ದಟ್ಟವಾದ, ರಂಧ್ರಮಯವಾದ ಕುರಿಯ ಉಣ್ಣೆ ದನಿ ಹೀರುವುದರಲ್ಲಿ ಪೇಟೆಯ ಸ್ಪಂಜಿನ ಹಲಗೆಗಿಂತ ಕೀಳಲ್ಲ. ಅದನ್ನು ಗೋಡೆಗೆ ಅಂಟಿಸದೆ ಗೇಣುದ್ದ ಮುಂದಕ್ಕೆ, ಎರಡು ಮಡಿಕೆಯಾಗಿ ತೂಗುಹಾಕಬೇಕು. ಏಕೆಂದರೆ ಗೋಡೆಯ ಮೈಯಲ್ಲಿ ಗಾಳಿಯ ಕಣಗಳಿಗೆ ಚಲನೆಯಿಲ್ಲ, ಗೋಡೆಯಿಂದ ತುಸು ದೂರ ಸರಿದಲ್ಲಿ ಅವುಗಳ ಚಲನೆ ಹೆಚ್ಚಿ ಉಣ್ಣೆಯ ಎಳೆಗಳಿಗೆ ತಿಕ್ಕಿ ಶಕ್ತಿ ಕಳೆದುಕೊಳ್ಳುತ್ತವೆ. ಸ್ಪೀಕರುಗಳ ಎಡಬಲದ ಗೋಡೆಗಳಿಗೊಂದೊಂದು, ಬೆನ್ನ ಹಿಂದೆ ಒಂದು, ನೆತ್ತಿಯ ಮೇಲೊಂದು ಕಂಬಳಿ. ಕೂರುವ ಜಾಗ ಕೋಣೆಯ ನಟ್ಟನಡುವಿನಿಂದ ಒಂದಷ್ಟು ಮುಂದಕ್ಕೆ. ಹೊಸ ಆರ್‌ಸಿಸಿ ಮನೆಯ ಬೋಳು ಕೋಣೆಯೂ ಇಷ್ಟರಿಂದ ಬಹುಮಟ್ಟಿಗೆ ಪಳಗುತ್ತದೆ.

ಕಿವಿಯ ಸ್ವಭಾವವನ್ನೂ ಬಲ್ಲವನಾಗಿರಬೇಕು. ಸದ್ದು ಮೆಲ್ಲಗಾದಾಗ ಕಿವಿಗೆ ತಳದ ಸ್ವರಗಳು ಅದಕ್ಕಿಂತಲೂ ಹೆಚ್ಚಾಗಿ ಕುಗ್ಗಿದಂತೆ ತೋರುವುದೆಂಬುದನ್ನು ಫ್ಲೆಚರ್, ಮನ್ಸನ್ ಎಂಬ ಇಬ್ಬರು ವಿಜ್ಞಾನಿಗಳು 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ಆದ್ದರಿಂದ ಒಂದು ರಾತ್ರಿ ಗಟ್ಟಿಯಾಗಿ, ಇನ್ನೊಂದು ರಾತ್ರಿ ನೆರೆಯವರಿಗೆ ಅಂಜಿ ಮೆಲ್ಲಗೆ ಕೇಳುತ್ತ ಮಿಕ್ಸ್ ಮಾಡಿದವನ ಹಾಡು ಎರಡು ತೂಕದ್ದಾಗುತ್ತದೆ; ಮಾತಿನ ಮಟ್ಟಕ್ಕಿಂತ ಸ್ವಲ್ಪ ಮೇಲಾದ ಒಂದೇ ಸದ್ದನ್ನು ಗೊತ್ತುಮಾಡಿಕೊಂಡು ಅದರಲ್ಲಿಯೇ ದುಡಿಯತಕ್ಕದ್ದು. ಹಗಲೂ ರಾತ್ರಿ ಲಾರಿಗಳ ಮೊರೆತ ನಿಲ್ಲದ ನಮ್ಮೂರಿನಂಥಲ್ಲಿ ಹೆಡ್‌ಫೋನಿನ ನೆರವೂ ಬೇಕಾಗುತ್ತದೆ. ಅದು ಕೋಣೆಯ ಸುಳ್ಳನ್ನು ತೊಡೆಯುತ್ತದೆ, ಎಡಬಲಗಳ ಅಂತರವನ್ನು ಮಾತ್ರ ಹಿಗ್ಗಿಸಿ ತೋರಿಸುತ್ತದೆ. ಒಂದರ ಸುಳ್ಳನ್ನು ಇನ್ನೊಂದರಿಂದ ಪರೀಕ್ಷಿಸಿಕೊಳ್ಳುತ್ತ ಹೋದರೆ ನಡುವೆ ನಿಜ ಸಿಕ್ಕೇ ಸಿಗುತ್ತದೆ. ಕಡೆಗೆ ಹಾಡು ಕೇಳಲ್ಪಡುವುದಾದರೂ ಎಲ್ಲಿ? ಮೊಬೈಲಿನ ಬೆರಳಗಲದ ಸ್ಪೀಕರಿನಲ್ಲಿ, ಟ್ರ್ಯಾಕ್ಟರಿನ ಟೇಪಿನಲ್ಲಿ, ಗುಡಿಯ ಮುಂದಿನ ಮೈಕ್‌ಸೆಟ್ಟಿನಲ್ಲಿ. ಆ ಮೂರೂ ಮನೆಯಿಂದ ಕೂಗಳತೆಯಲ್ಲಿವೆ. ಇಂದು ಮಿಕ್ಸ್ ಮಾಡಿದ್ದನ್ನು ಇಂದೇ ಅವುಗಳಲ್ಲಿ ಕೇಳಿ, ತಪ್ಪು ಕಂಡರೆ ರಾತ್ರಿಯೇ ತಿದ್ದುವ ಭಾಗ್ಯ ಲಕ್ಷಗಟ್ಟಲೆ ಸುರಿದ ಸ್ಟುಡಿಯೋಗಿಲ್ಲ.

ಮನೆಯ ಪಕ್ಷದವರು ಆಡುವ ಅತಿಮಾತನ್ನೂ ನಾನು ಒಪ್ಪುವವನಲ್ಲ. ಅಮೆರಿಕದ ಬಿಲ್ಲಿ ಐಲಿಶ್ ಎಂಬ ತರುಣಿ ತನ್ನ ಅಣ್ಣನೊಡನೆ ಮನೆಯ ಮಲಗುವ ಕೋಣೆಯಲ್ಲಿ ಮುದ್ರಿಸಿದ ಆಲ್ಬಮ್ಮು 2020ರಲ್ಲಿ ಗ್ರ್ಯಾಮಿ ಪ್ರಶಸ್ತಿಗಳನ್ನು ಬಾಚಿಕೊಂಡಿತೆಂದು ಮೆರೆಸುತ್ತಾರೆ. ಅದರ ಮಿಕ್ಸಿಂಗ್ ಮಾಡಿದವನು ರಾಬ್ ಕಿನೆಲ್‌ಸ್ಕಿ ಎಂಬ ಬೇರೊಬ್ಬ ತಜ್ಞನೆಂಬುದನ್ನು ಬಿಟ್ಟುಬಿಡುತ್ತಾರೆ. ಇದಕ್ಕಿಂತ ಬ್ರೂಸ್ ಸ್ಪ್ರಿಂಗ್‌ಸ್ಟೀನನ ದೃಷ್ಟಾಂತ ಮೇಲು. ಆತನು ನ್ಯೂಜೆರ್ಸಿಯ ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಕಚ್ಚಾಪ್ರತಿಯೆಂದು ಹಾಡಿಟ್ಟುಕೊಂಡವನ್ನು ವಾದ್ಯವೃಂದದೊಡನೆ ದೊಡ್ಡ ಸ್ಟುಡಿಯೋದಲ್ಲಿ ಮತ್ತೆ ಹಾಡಿ ನೋಡಿ, ಅದರಲ್ಲಿ ಮೊದಲಿನ ಜೀವ ಬಾರದೆ ಹೋಗಲು, 1982ರಲ್ಲಿ ಆ ಮನೆಯ ಕ್ಯಾಸೆಟ್ಟನ್ನೇ ‘ನೆಬ್ರಾಸ್ಕಾ’ ಎಂದು ಹೊರತಂದನು. ಸ್ಟುಡಿಯೋ ಆತನಿಗೆ ನಿಲುಕದ್ದಾಗಿರಲಿಲ್ಲ. ನಿಲುಕಿದ್ದನ್ನು ತೂಗಿ ನೋಡಿ ಬಿಟ್ಟನು.

ಇನ್ನೊಬ್ಬರ ಕಿವಿ ಬೇಕೆಂಬ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ತಾನೇ ಹಾಡಿ, ತಾನೇ ಮುದ್ರಿಸಿ, ತಾನೇ ಮಿಕ್ಸ್ ಮಾಡಿದವನಿಗೆ ಮೂರನೆಯ ದಿನಕ್ಕೆ ಕಿವಿ ಮಂಕಾಗುತ್ತದೆ. ಆದರೆ ಆ ಇನ್ನೊಬ್ಬರು ಯಾರಾಗಿರಬೇಕು? ಸೋಬಾನೆ ಹಾಡಿದ ಹೆಂಗಸರನ್ನೇ ಸಂಜೆ ಹೊಲದ ಕೆಲಸ ಮುಗಿದ ಮೇಲೆ ಕರೆತಂದು ಕೂರಿಸಿ ಕೇಳಿಸಿರಿ. ಡೆಸಿಬೆಲ್ಲಿನ ಲೆಕ್ಕ ಅವರಿಗೆ ಬೇಡ. “ಹಿಡಿಯೋರ ದನಿ ಎಲ್ಲಿ ಅಡಗಿಸ್ದೆ ಮಗ?” ಎಂದು ಒಬ್ಬಳು, “ತಾಳ ಕಿವಿಗೆ ಚುಚ್ತೈತೆ” ಎಂದು ಇನ್ನೊಬ್ಬಳು ಹೇಳಿದ ಒಂದೊಂದು ಮಾತಿಗೂ ಪರದೆಯ ಮೇಲೆ ಒಂದೊಂದು ಗುಂಡಿಯಿದೆ, ಮಿಕ್ಕದ್ದು ಮಿಕ್ಸ್ ಮಾಡುವ ಹುಡುಗನ ಕೆಲಸ. ಗಂಟೆಯ ಬಾಡಿಗೆ ಏರುತ್ತಿರುವ ಕಡೆ ಈ ಸಮಾಲೋಚನೆಗೆ ಎಡೆಯಿಲ್ಲ, ಹಾಡಿದವರು ಅಲ್ಲಿ ಇರುವುದೂ ಇಲ್ಲ.

ಸ್ಟುಡಿಯೋದ ಹಾಡು ಹೆಚ್ಚು ಗಟ್ಟಿಯಾಗಿ ಕೇಳುತ್ತದಲ್ಲ ಎಂಬ ವಾದಕ್ಕೆ ಸಂಕ್ಷೇಪವಾದ ಉತ್ತರ ಸಾಕು. ಏರಿಳಿತವನ್ನೆಲ್ಲ ಅದುಮಿ ಸದ್ದನ್ನು ಮೇಲಕ್ಕೆತ್ತಿದ ಹಾಡನ್ನು ಯೂಟ್ಯೂಬು ತಾನೇ, ಗಟ್ಟಿತನದ ಅಳತೆಯಾದ ಎಲ್‌ಯುಎಫ್‌ಎಸ್‌ನಲ್ಲಿ ಸುಮಾರು ಮೈನಸ್ 14ರ ಮಟ್ಟಕ್ಕೆ ಇಳಿಸಿ ನುಡಿಸುತ್ತದೆ. ಅದುಮಿದವನಿಗೆ ಗಟ್ಟಿತನವೂ ದಕ್ಕುವುದಿಲ್ಲ, ಕಳೆದುಕೊಂಡ ಏರಿಳಿತವೂ ಹಿಂದಿರುಗುವುದಿಲ್ಲ.

ಹಾಗಾದರೆ ಇಷ್ಟು ದುರ್ಬಲವಾದ ಮತ ಇಷ್ಟು ಬಲವಾಗಿ ನಿಂತಿರುವುದು ಏತರ ಮೇಲೆ? ನಮ್ಮ ಲಜ್ಜೆಯ ಮೇಲೆ ಎಂದೇ ನನ್ನ ಎಣಿಕೆ. ನಮ್ಮದು ಕಚ್ಚಾ, ಪೇಟೆಯದು ಪಕ್ಕಾ ಎಂಬ ಭಾವನೆ ನಮ್ಮ ಬಟ್ಟೆಯಲ್ಲಿ, ಊಟದಲ್ಲಿ, ಮಾತಿನಲ್ಲಿ ಇಳಿದಂತೆ ಹಾಡಿನಲ್ಲಿಯೂ ಇಳಿದಿದೆ. ಸ್ಟುಡಿಯೋದ ಹೆಸರು ಹಾಡಿಗೆ ಮಾನದ ಮುದ್ರೆಯಾಗಿ ಬೇಕಾಗಿದೆ, ಹದವಾಗಿ ಅಲ್ಲ. ನಮ್ಮ ಸೀಮೆಯ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿ ಬಾಳಿದಳು. ಅಕ್ಷರ ಕಲಿಯದ ಆಕೆ ಸಾವಿರಾರು ಪದಗಳನ್ನು ಬಾಯಲ್ಲಿ ಹೊತ್ತಿದ್ದಳು. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಆಕೆ ಇದ್ದಲ್ಲಿಗೆ ಹೋಗಿ ಕೇಳಿ ಬರೆದುಕೊಂಡರು. ವಿದ್ವತ್ತು ಹಟ್ಟಿಗೆ ನಡೆದು ಬಂದ ನಾಡಿನಲ್ಲಿ ಹಾಡೇಕೆ ಪೇಟೆಗೆ ನಡೆದು ಹೋಗಿ ಅಪ್ಪಣೆ ಬೇಡಬೇಕು?

ಕಡೆಯದಾಗಿ, ಯಾರೂ ಗಮನಿಸದ ಆದರೆ ಎಲ್ಲಕ್ಕಿಂತ ದೊಡ್ಡದಾದ ಒಂದು ನಷ್ಟವಿದೆ. ಸ್ಟುಡಿಯೋದಿಂದ ಊರಿಗೆ ಬರುವುದು ಸಾಮಾನ್ಯವಾಗಿ ಕೂಡಿಸಿ ಮುಗಿಸಿದ ಒಂದು ಎಂಪಿ3 ಕಡತ ಮಾತ್ರ. ಬೇರೆ ಬೇರೆಯಾದ ಮೂಲ ಟ್ರ್ಯಾಕುಗಳು ಅಲ್ಲಿಯ ಕಂಪ್ಯೂಟರಿನಲ್ಲಿಯೇ ಉಳಿದು, ಜಾಗ ಸಾಲದಾದ ದಿನ ಅಳಿಸಿಹೋಗುತ್ತವೆ. ಕೂಡಿದ ದನಿಗಳನ್ನು ಮತ್ತೆ ಅಚ್ಚುಕಟ್ಟಾಗಿ ಬೇರ್ಪಡಿಸುವುದು ಇಂದಿಗೂ ದುಸ್ಸಾಧ್ಯ. ಹಿಡಿಯುವವರ ಸಾಲಿನಲ್ಲಿ ಹಾಡಿದ ಮುದುಕಿ ತೀರಿಕೊಂಡ ಮೇಲೆ ಆಕೆಯ ದನಿಯನ್ನು ಒಂದಿಷ್ಟು ಮೇಲೆತ್ತಿ ಕೇಳಬೇಕೆಂದು ಮೊಮ್ಮಗಳು ಬಯಸಿದರೆ, ಆ ಗುಂಡಿ ಊರಿನಲ್ಲಿ ಯಾರ ಕೈಯಲ್ಲಿಯೂ ಇರುವುದಿಲ್ಲ. ಮನೆಯಲ್ಲಿ ಮಿಕ್ಸ್ ಮಾಡಿದವರ ಬಳಿ ಪ್ರತಿಯೊಂದು ದನಿಯೂ ಪ್ರತ್ಯೇಕವಾಗಿ ಉಳಿಯುತ್ತದೆ; ಎರಡು ಹಾರ್ಡ್‌ಡಿಸ್ಕಿನಲ್ಲಿಟ್ಟು, ಒಂದನ್ನು ಶಾಲೆಯಲ್ಲೋ ಗ್ರಂಥಾಲಯದಲ್ಲೋ ಇರಿಸಿದರೆ ಮುಂದಿನವರು ತಮ್ಮ ಕಾಲದ ಕಿವಿಗೆ ತಕ್ಕಂತೆ ಮತ್ತೆ ತೂಗಿಕೊಳ್ಳಬಹುದು. ಈಗಾಗಲೇ ಬೆಂಗಳೂರಿನಲ್ಲಿ ಹಾಡು ಮಾಡಿಸಿಕೊಂಡ ನಮ್ಮ ಸೀಮೆಯ ತಂಡಗಳು ಇನ್ನೊಂದು ಹಾಡಿಗೆ ಹಣ ಕೂಡಿಸುವ ಮುನ್ನ, ಒಂದು ದಿನದ ಬಸ್ಸಿನ ಖರ್ಚು ಹಾಕಿಕೊಂಡು ಹೋಗಿ, ತಮ್ಮ ಟ್ರ್ಯಾಕುಗಳನ್ನು ಒಂದೂ ಬಿಡದೆ ಕೇಳಿ ಪಡೆದು ತರಲಿ.